ಅಪ್ಪನ ಲಾರಿ ಮತ್ತು ಕಂಪ್ಯೂಟರ್ ಮೇಸ್ತ್ರಿ

"ಇದರ ಬೆನ್ನು ಬಿಚ್ಚಿ ತೋರಿಸಿ!"

ಅಂಗಡಿಯಲ್ಲಿದ್ದ ಐದಾರು ಜನರೂ ಒಮ್ಮೆಲೇ ತಿರುಗಿ ನೋಡಿದರು.

ಅವಳು ಮೇಜಿನ ಮೇಲಿದ್ದ ಕರಿಯ ಕಂಪ್ಯೂಟರ್ ಪೆಟ್ಟಿಗೆಯ ನೆತ್ತಿಗೆ ಅಂಗೈ ಊರಿ ನಿಂತಿದ್ದಳು. ಪೆಟ್ಟಿಗೆಯ ಒಂದು ಮಗ್ಗುಲು ಪೂರ್ತಿ ಗಾಜು. ಒಳಗೆ ಕೆಂಪು, ನೀಲಿ, ಹಸಿರು ದೀಪಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿದ್ದವು.

"ಬಿಚ್ಚೋದೆಲ್ಲಾ ಆಗಲ್ಲಮ್ಮ," ಅಂಗಡಿ ಯಜಮಾನ ಬೆವರು ಒರೆಸಿಕೊಂಡ. "ಇದು ರೆಡಿ ಗೇಮಿಂಗ್ ಕಂಪ್ಯೂಟರ್. ಕಂಪನಿಯವರೇ ಎಲ್ಲಾ ಜೋಡಿಸಿ, ಸೀಲ್ ಹಾಕಿ ಕಳಿಸಿರೋದು. ಮನೆಗೆ ಒಯ್ದು ಪ್ಲಗ್ ಹಾಕಿದ್ರೆ ಆಯ್ತು, ಆಟ ಶುರು!"

"ದೀಪ ಕಾಣ್ತಿದೆ. ದೀಪದ ಹಿಂದೆ ಏನಿದೆ ಅಂತ ಕೇಳ್ತಿದ್ದೀನಿ."

"ಏನಿರುತ್ತೆ? ಕಂಪ್ಯೂಟರ್ ಇರುತ್ತೆ!"

"ಕ್ಯಾನಿನ ಮುಚ್ಚಳ ತೆಗೀದೆ ಹಾಲು ಅಳೆಸಿಕೊಳ್ಳೋ ಡೇರಿ ಎಲ್ಲಾದರೂ ಇದ್ಯಾ ಸಾರ್?"

ಒಳಗಿನ ಕೋಣೆಯಿಂದ ಯಾರೋ ಗಟ್ಟಿಯಾಗಿ ನಕ್ಕರು.

ಅವಳ ಕಿವಿ ಬಿಸಿಯಾಯಿತು. ಪರದೆ ಸರಿಸಿಕೊಂಡು ಬಂದವನ ಕಿವಿಯ ಮೇಲೆ ಬಡಗಿಯ ಪೆನ್ಸಿಲ್ಲಿನ ಹಾಗೆ ಒಂದು ಸಣ್ಣ ಸ್ಕ್ರೂಡ್ರೈವರ್ ಸಿಕ್ಕಿಸಿತ್ತು. ಮೂವತ್ತರ ಆಸುಪಾಸು. ಕಣ್ಣಲ್ಲಿ ನಗು ಇನ್ನೂ ಉಳಿದಿತ್ತು.

'ಇವನಿಗೇನು ನಗು? ನಾನೇನು ತಮಾಷೆಗೆ ಬಂದಿದ್ದೀನಾ...!'

"ಕ್ಷಮಿಸಿ, ನಿಮ್ಮನ್ನ ನೋಡಿ ನಗಲಿಲ್ಲ," ಅಂದ ಅವನು. "ಹತ್ತು ವರ್ಷದಿಂದ ಇಲ್ಲಿದ್ದೀನಿ. ದೀಪ ಎಷ್ಟು ಬಣ್ಣ ಅಂತ ಕೇಳಿದೋರೇ ಎಲ್ಲಾ. ಬೆನ್ನು ಬಿಚ್ಚಿ ಅಂದೋರು ನೀವೇ ಮೊದಲು."

ಹಾಗೆ ಅವರಿಬ್ಬರು ಮೊದಲ ಸಲ ಎದುರುಬದುರು ನಿಂತರು.

ಅವಳು ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ಬೆಳಕು ಹರಿಯುವ ಹೊತ್ತಿಗೆ ಸುತ್ತಲಿನ ಹಳ್ಳಿಗಳಿಂದ ಸೈಕಲ್ಲಿನಲ್ಲಿ, ಗಾಡಿಯಲ್ಲಿ, ತಲೆಯ ಮೇಲೆ ಬರುವ ಕ್ಯಾನುಗಳ ಮುಚ್ಚಳ ತೆಗೆದು, ಮೂಸಿ, ಲ್ಯಾಕ್ಟೋಮೀಟರ್ ಇಳಿಬಿಟ್ಟು, ನೀರು ಸೇರಿದೆಯೋ ಇಲ್ಲವೋ ಎಂದು ಹೇಳುವುದು ಅವಳ ಕೆಲಸ. ಊರವರಿಗೆಲ್ಲ ಅವಳು ಟೆಸ್ಟರಮ್ಮ. "ಟೆಸ್ಟರಮ್ಮನ ಮುಂದೆ ಮೋಡಾನೂ ನೀರು ಸುರಿಸೋಕೆ ಹೆದರುತ್ತೆ" ಎಂದು ಹಾಲಿನವರು ನಗೆಯಾಡುತ್ತಿದ್ದರು.

ಅವನು ಅಂಗಡಿಯ ರಿಪೇರಿಯವನು. ಬಿಡಿಭಾಗ ತಂದು ಒಂದೊಂದಾಗಿ ಜೋಡಿಸಿ ಕಂಪ್ಯೂಟರ್ ಕಟ್ಟುವವನಾದ್ದರಿಂದ ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು.

"ಯಾರು ಆಡೋದು? ತಮ್ಮನಾ?" ಕೇಳಿದ ಮೇಸ್ತ್ರಿ.

"ಅಪ್ಪ."

ಈಗ ನಗುತ್ತಾನೆ ಎಂದುಕೊಂಡಳು. ಅವನು ನಗಲಿಲ್ಲ. ಒಂದು ಸ್ಟೂಲ್ ಎಳೆದು ಅವಳ ಮುಂದಿಟ್ಟ.

"ಕೂತ್ಕೊಳ್ಳಿ. ಹೇಳಿ."

ಯಾಕೋ, ಯಾರಿಗೂ ಹೇಳದಿದ್ದುದನ್ನು ಅವಳು ಅವನಿಗೆ ಹೇಳಿದಳು...

ಅಪ್ಪ ಮೂವತ್ತೊಂದು ವರ್ಷ ಡೇರಿಯ ಹಾಲಿನ ಲಾರಿ ಓಡಿಸಿದವರು. ಸಕ್ಕರೆ ಕಾಯಿಲೆ ಮೆಲ್ಲಗೆ ಬಲಪಾದದ ಸ್ಪರ್ಶವನ್ನೇ ನುಂಗಿಹಾಕಿತ್ತು. ಬ್ರೇಕಿನ ಮೇಲೆ ಕಾಲಿದೆಯೋ ಇಲ್ಲವೋ ಕಣ್ಣಿಂದ ನೋಡಿಯೇ ತಿಳಿಯಬೇಕು. ಡಾಕ್ಟರು ಇನ್ನು ಲಾರಿ ಮುಟ್ಟಬಾರದು ಎಂದರು. ಅಂದಿನಿಂದ ಎಂಟು ತಿಂಗಳು ಅಪ್ಪ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಕೇಳಿದ್ದಕ್ಕೆ "ಹೂಂ" ಇಲ್ಲವೇ "ಬೇಡ". ಮೂರನೆಯ ಮಾತಿಲ್ಲ.

"ಹೋದ ವಾರ ನನ್ನ ಫೋನಲ್ಲಿ ಯಾರೋ ಲಾರಿ ಓಡಿಸೋ ಆಟ ಆಡ್ತಿರೋ ವಿಡಿಯೋ ಬಂತು. ಸದ್ದು ಕೇಳಿ ಅಪ್ಪ ಈ ಕಡೆ ತಿರುಗಿದರು. ನೋಡಿದರು. 'ಕನ್ನಡಿ ನೋಡ್ದೇ ತಿರುಗಿಸ್ತಾನೆ, ಕತ್ತೆ!' ಅಂದರು..."

ಅವಳು ಕೈಯಲ್ಲಿದ್ದ ಫೋನನ್ನು ಮಡಿಲಲ್ಲಿ ಮಗುಚಿಟ್ಟಳು.

"ಎಂಟು ತಿಂಗಳಲ್ಲಿ ಅವರು ಆಡಿದ ಮೊದಲನೇ ಪೂರ್ತಿ ಮಾತು ಅದು."

ಮೇಸ್ತ್ರಿ ಕಿವಿಯ ಮೇಲಿನ ಸ್ಕ್ರೂಡ್ರೈವರ್ ತೆಗೆದು ಕೈಯಲ್ಲಿ ತಿರುಗಿಸುತ್ತ ಕೂತ. ಆಮೇಲೆ ನಿಧಾನವಾಗಿ ಹೇಳಿದ.

"ರೆಡಿ ಡಬ್ಬಾನ ನಾನು ಬೈಯಲ್ಲ. ಅದರಲ್ಲೂ ಗುಣ ಇದೆ. ಇವತ್ತೇ ಮನೆಗೆ ಹೋಗುತ್ತೆ. ಕೆಟ್ಟರೆ ಒಂದೇ ಬಾಗಿಲು ತಟ್ಟಿದ್ರೆ ಸಾಕು. ನಾವೇ ಕಟ್ಟಿದ್ರೆ ಪ್ರತಿ ಸಾಮಾನಿಗೂ ಬೇರೆ ಬೇರೆ ಗ್ಯಾರಂಟಿ. ಏನಾದರೂ ಆದ್ರೆ ಯಾವುದು ಕೈ ಕೊಟ್ಟಿದೆ ಅಂತ ನಾವೇ ಹುಡುಕಬೇಕು."

"ಮತ್ತೆ ಯಾಕೆ ಕಟ್ಟಬೇಕು?"

"ಒಳಗೆ ಏನಿದೆ ಅಂತ ಗೊತ್ತಿರುತ್ತೆ. ಇಂಥ ಡಬ್ಬ ನಾನು ರಿಪೇರಿಗೆ ಬಂದಾಗ ಬಿಚ್ಚಿದ್ದೀನಿ. ಆಟದ ಚಿತ್ರ ಓಡಿಸೋ ಗ್ರಾಫಿಕ್ಸ್ ಕಾರ್ಡ್ ಚೆನ್ನಾಗಿರುತ್ತೆ, ಅದರ ಹೆಸರು ಡಬ್ಬದ ಮೇಲೆ ಬರೆದಿರ್ತಾರಲ್ಲ. ಕರೆಂಟ್ ಕೊಡೋ ಪವರ್ ಸಪ್ಲೈ ಮಾತ್ರ ಊರು ಹೆಸರು ಇಲ್ಲದ್ದು. ಫ್ಯಾನು ಸಣ್ಣದು, ಕುಯ್ಯೋ ಅನ್ನುತ್ತೆ. ನಿಮ್ಮ ಅಪ್ಪನಿಗೆ ದೀಪ ಬೇಡ. ಇಂಜಿನ್ ಸದ್ದು ಕೇಳಬೇಕು. ಫ್ಯಾನಿನ ಸದ್ದು ಕೇಳಬಾರದು."

"ಏಯ್ ಮೇಸ್ತ್ರೀ, ಬಂದ ಗಿರಾಕೀನ ಓಡಿಸ್ತೀಯಲ್ಲೋ!" ಯಜಮಾನ ಆಚೆಯಿಂದ ಕೂಗಿದ.

"ಓಡಿಸ್ತಿಲ್ಲ ಸಾರ್, ಕೂರಿಸಿದ್ದೀನಿ!"

ಅವಳಿಗೆ ತಿಳಿಯದಂತೆ ಅವಳ ತುಟಿ ಅರಳಿತು.

"ಕಟ್ಟೋಣ," ಅಂದಳು. "ಆದರೆ ನನ್ನ ಕಣ್ಣೆದುರಿಗೇ ಕಟ್ಟಬೇಕು."

"ನಿಮ್ಮ ಕೈಯಲ್ಲೇ ಕಟ್ಟಿಸ್ತೀನಿ. ಆಗಲಾದರೂ ನಂಬಿಕೆ ಬರಬಹುದು."

ಡೇರಿಯ ಕೆಲಸ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ನಾಲ್ಕು ದಿನ ಅವಳು ಕೈಯಿಂದ ಹಾಲಿನ ವಾಸನೆ ಹೋಗುವವರೆಗೆ ಸಾಬೂನು ಹಾಕಿ ತೊಳೆದು ಆ ಒಳಕೋಣೆಗೆ ಬಂದಳು. ಉದ್ದನೆಯ ಮರದ ಮೇಜು, ಕುತ್ತಿಗೆ ಬಗ್ಗಿಸಿದ ದೀಪ, ಔಷಧಿ ಡಬ್ಬಿಗಳಲ್ಲಿ ಬೇರೆ ಬೇರೆ ಅಳತೆಯ ಸ್ಕ್ರೂಗಳು. ಅವನು ಏನನ್ನೂ ಹುಡುಕಾಡುತ್ತಿರಲಿಲ್ಲ, ಕೈ ಚಾಚಿದರೆ ಬೇಕಾದ್ದು ಅಲ್ಲೇ ಇರುತ್ತಿತ್ತು. ಅದು ಅವಳಿಗೆ ಹಿಡಿಸಿತು.

ಎರಡನೆಯ ದಿನ ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಕೂರಿಸಬೇಕಿತ್ತು. ಬೆಂಕಿಪೊಟ್ಟಣದಗಲದ ತೆಳು ಚೌಕ. ಅದನ್ನು ಮದರ್‌ಬೋರ್ಡ್ ಎಂಬ ದೊಡ್ಡ ಹಲಗೆಯ ಮೇಲಿನ ಜಾಗದಲ್ಲಿಟ್ಟು ಪಕ್ಕದ ಕಂಬಿಯನ್ನು ಕೆಳಗೆ ಒತ್ತಬೇಕು. ಅವಳು ಒತ್ತಿದಳು. ಕಿರ್ರ್... ಎಂದಿತು!

"ಅಯ್ಯೋ! ಮುರೀತು!"

"ಇಲ್ಲ. ಅದು ಹಾಗೇ ಅನ್ನುತ್ತೆ. ಒತ್ತಿ."

"ಇನ್ನೂನಾ?"

"ಇನ್ನೂ. ಹೆದರಿಕೊಂಡು ಅರ್ಧಕ್ಕೆ ಬಿಟ್ಟರೇನೇ ಕೆಡೋದು."

ಅವಳು ಕಣ್ಣು ಮುಚ್ಚಿ ಒತ್ತಿದಳು. ಕಂಬಿ ಕೊಕ್ಕೆಯೊಳಗೆ ಟಕ್ ಎಂದು ಕೂತಿತು. ಕಣ್ಣು ಬಿಟ್ಟಾಗ ಮೇಸ್ತ್ರಿ ಮದರ್‌ಬೋರ್ಡನ್ನು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ. ಇಬ್ಬರೂ ಒಟ್ಟಿಗೇ ತಲೆ ತಗ್ಗಿಸಿ ಬಿದ್ದಿರದ ಸ್ಕ್ರೂ ಒಂದನ್ನು ಹುಡುಕಿದರು.

ನಾಲ್ಕನೆಯ ದಿನ ಗ್ರಾಫಿಕ್ಸ್ ಕಾರ್ಡಿನ ಡಬ್ಬ ಮೇಜಿನ ಮೇಲಿತ್ತು. ಅದರ ಅಂಟುಪಟ್ಟಿ ಆಗಲೇ ಕತ್ತರಿಸಿತ್ತು.

'ಸೀಲ್ ಒಡೆದಿದೆಯಲ್ಲ...' ಅವಳ ಮನಸ್ಸು ಒಂದು ಕ್ಷಣ ತಡೆಯಿತು. ಕೇಳಬೇಕೆಂದುಕೊಂಡಳು. ಅಷ್ಟರಲ್ಲಿ ಅವನು, "ಆಟಕ್ಕೆ ಅಂತ ತಂದಿರೋ ಈ ಸ್ಟೇರಿಂಗ್ ಹಿಂದೆ ಎರಡು ಹಿಡಿ ಇದೆ ನೋಡಿ. ಬ್ರೇಕು, ಆಕ್ಸಿಲರೇಟರ್ ಎರಡನ್ನೂ ಅದಕ್ಕೇ ಕಟ್ಟಿದ್ದೀನಿ. ನಿಮ್ಮ ಅಪ್ಪನ ಕಾಲಿನ ಕೆಲಸಾನ ಬೆರಳಿಗೆ ಕೊಟ್ಟೆ" ಅಂದ.

ಅವಳಿಗೆ ಕೇಳಬೇಕಾದ್ದು ಮರೆತೇಹೋಯಿತು.

ಮೇಸ್ತ್ರಿ ಮನೆಗೆ ಬಂದು ನಡುಮನೆಯ ಮೇಜಿನ ಮೇಲೆ ಎಲ್ಲವನ್ನೂ ಕೂರಿಸಿದ. ಅಪ್ಪನ ತಂಗಿ, ಅಂದರೆ ಅವಳ ಅತ್ತೆ, ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತ ನಿಂತರು.

"ಇಷ್ಟು ದೊಡ್ಡ ಪೆಟ್ಟಿಗೆ! ಇದರೊಳಗೆ ಲಾರಿ ಇದ್ಯಾ?"

"ಇದೆ ಅತ್ತೆ. ರಸ್ತೆಯೂ ಇದೆ."

"ಟೋಲ್ ಗೇಟು?"

"ಅದೂ ಇದೆ."

"ಹಾಗಾದರೆ ನಿಜವಾದ್ದೇ ಬಿಡು."

ಮೇಸ್ತ್ರಿ ಐದು ನಿಮಿಷ ಓಡಿಸಿ ತೋರಿಸಿದ. ಪರದೆಯ ಮೇಲೆ ರಸ್ತೆ ನೀರಿನಂತೆ ಹರಿಯಿತು. ಪಕ್ಕದ ಕೋಣೆಯ ಬಾಗಿಲು ತೆರೆದೇ ಇತ್ತು. ಅಪ್ಪನ ಮುಖ ಗೋಡೆಯ ಕಡೆಗೇ ಇತ್ತು.

"ಅಪ್ಪಾ, ಬಂದು ಕೂತು ನೋಡಪ್ಪಾ..."

"ಬೇಡ."

ಹೊರಡುವಾಗ ಮೆಟ್ಟಿಲ ಮೇಲೆ ಮೇಸ್ತ್ರಿ ಮೆಲ್ಲಗೆ ಹೇಳಿದ. "ಒತ್ತಾಯ ಮಾಡಬೇಡಿ. ಗಾಡಿ ಬಾಗಿಲಲ್ಲಿ ನಿಂತಿದೆ ಅಂತ ಅವರಿಗೆ ಗೊತ್ತಾಯ್ತು. ಅವರೇ ಹತ್ತುತ್ತಾರೆ."

ಅವನು ಬೀದಿಯ ತಿರುವು ದಾಟುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು.

"ಹೋದ ಬಿಡೇ, ಒಳಗೆ ಬಾ," ಅತ್ತೆ ಒಳಗಿಂದಲೇ ಕೂಗಿದರು.

ಮಾರನೆಯ ದಿನ ಅತ್ತೆ ಒಂದು ಮಾತು ಹೇಳಿದರು. "ಅಣ್ಣ ಎಲ್ಲರೆದುರು ನಡುಮನೇಲಿ ಕೂರಲ್ಲ ಕಣೇ. ನಾಚಿಕೆ ಅವನಿಗೆ. ಅವನ ಕೋಣೆಗೇ ಸಾಗಿಸು." ಸರಿಯೆನಿಸಿತು. ಅವಳು ವೈರುಗಳನ್ನೆಲ್ಲ ಕಿತ್ತು, ಪೆಟ್ಟಿಗೆಯನ್ನು ಅಪ್ಪನ ಕೋಣೆಗೆ ಹೊತ್ತು, ತಾನೇ ಮತ್ತೆ ಜೋಡಿಸಿದಳು. ಯಾವ ವೈರು ಯಾವ ಕಿಂಡಿಗೆ ಹಿಡಿಸುತ್ತದೋ ಅಲ್ಲಿಗೆ ಹಾಕಿದಳು. ಪರದೆ ಹೊತ್ತಿಕೊಂಡಿತು. ಎಷ್ಟು ಹೆಮ್ಮೆಯಾಯಿತು ಅವಳಿಗೆ!

ಸಂಜೆ ಹೊತ್ತಿಗೆ ಅಪ್ಪ ಎದ್ದು ಕೂತರು. ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂತು, ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟರು.

ಅವಳು ಬಾಗಿಲಿಗೆ ಒರಗಿ ನೋಡುತ್ತ ನಿಂತಳು.

ಲಾರಿ ಹೊರಟಿತು. ನಾಲ್ಕು ಹೆಜ್ಜೆಗೆ ತಡವರಿಸಿತು. ರಸ್ತೆ ತುಂಡು ತುಂಡಾಗಿ ಹಾರಿತು. ಎದುರಿನ ಕಾರು ದೂರದಲ್ಲಿದ್ದದ್ದು ಮರುಕ್ಷಣ ಮೂತಿಗೇ ಬಂತು. ಅಪ್ಪ ಸ್ಟೇರಿಂಗ್ ತಿರುಗಿಸಿದರೆ ಲಾರಿ ಯೋಚನೆ ಮಾಡಿ ತಿರುಗುತ್ತಿತ್ತು. ಹೋಗಿ ಕಂಬಕ್ಕೆ ಗುದ್ದಿತು.

ಅಪ್ಪ ಕೈ ತೆಗೆದರು. ಕಣ್ಣು ಉಜ್ಜಿಕೊಂಡರು.

"ಕಣ್ಣಿಗೆ ರಸ್ತೆ ನಿಲ್ತಾ ಇಲ್ಲ ಮಗಳೇ. ಕಾಲು ಹೋಯ್ತು ಅಂದ್ಕೊಂಡಿದ್ದೆ... ಕಣ್ಣೂ ಹೋಯ್ತು."

"ಇಲ್ಲಪ್ಪಾ! ಕಂಪ್ಯೂಟರೇ ಸರಿಯಿಲ್ಲ! ನನಗೂ ಹಾಗೇ ಕಾಣ್ತಿದೆ!"

"ನನ್ನ ಸಮಾಧಾನಕ್ಕೆ ಹೇಳ್ತೀಯ."

ಅವರು ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದರು.

ಅವಳೊಳಗೆ ಏನೋ ಉಕ್ಕಿ ಬಂತು. ಅಂಟುಪಟ್ಟಿ ಕತ್ತರಿಸಿದ ಆ ಡಬ್ಬ ಕಣ್ಣಮುಂದೆ ನಿಂತಿತು. 'ಹಳೇ ಕಾರ್ಡು! ಯಾರೋ ಬಳಸಿ ಬಿಟ್ಟಿದ್ದನ್ನ ಹೊಸ ಡಬ್ಬಕ್ಕೆ ಹಾಕಿ ಕೊಟ್ಟಿದ್ದಾನೆ! ನಾನು... ನಾನು ಅವನ ಮಾತು ಕೇಳ್ತಾ ಮೈಮರೆತೆ...'

ಮರುದಿನ ಮಧ್ಯಾಹ್ನ ಅಂಗಡಿ ತುಂಬಿತ್ತು. ಅವಳನ್ನು ಕಂಡು ಮೇಸ್ತ್ರಿಯ ಮುಖ ಬೆಳಗಿತು.

"ಅಪ್ಪ ಕೂತರಾ?"

"ಕೂತರು. ಮತ್ತೆ ಮಲಗಿದರು. ಎಂಥ ಕಾರ್ಡ್ ಹಾಕಿದ್ರಿ ಮೇಸ್ತ್ರೀ?"

"ಯಾಕೆ? ಏನಾಯ್ತು?"

"ಸೀಲ್ ಒಡೆದ ಡಬ್ಬ ನಾನು ನೋಡಿದ್ದೆ. ಹಳೇದನ್ನ ಹೊಸದು ಅಂತ ಕೊಟ್ರಿ, ಅಲ್ವಾ? ಹಾಲಿಗೆ ನೀರು ಬೆರೆಸೋರನ್ನ ದಿನಾ ನೋಡ್ತೀನಿ. ಅವರಾದರೂ ಹೊಟ್ಟೆಪಾಡಿಗೆ ಮಾಡ್ತಾರೆ. ನೀವು... ನನ್ನ ಅಪ್ಪನ ವಿಷಯ ಪೂರ್ತಿ ಕೇಳಿಸಿಕೊಂಡು ಮಾಡಿದ್ರಿ!"

ಅವನ ಮುಖದ ಬಣ್ಣ ಇಳಿಯಿತು.

"ನಾನು ಹಾಗೆ ಮಾಡಿಲ್ಲ," ಅಂದ ಸಣ್ಣ ದನಿಯಲ್ಲಿ. "ಈಗಲೇ ಬಂದು ನೋಡ್ತೀನಿ. ಏನೋ ಒಂದು..."

"ನಮ್ಮ ಮನೆ ಮೆಟ್ಟಿಲು ಹತ್ತಬೇಡಿ!"

ಅವಳು ಹೊರಬಿದ್ದಾಗ ಯಜಮಾನನ ದನಿ ಹಿಂದಿನಿಂದ ಕೇಳಿಸಿತು. "ಇದಕ್ಕೇ ನಾನು ಹೇಳಿದ್ದು! ಇವತ್ತಿಂದ ಕಟ್ಟೋದು ಗಿಟ್ಟೋದು ಬಂದ್. ರೆಡಿ ಡಬ್ಬ ಮಾತ್ರ ಮಾರೋದು. ನೀನು ಮುಂದುಗಡೆ ನಿಂತು ಧೂಳು ಒರೆಸು."

ಬೀದಿಯಲ್ಲಿ ನಡೆಯುತ್ತಾ ಅವಳು ಅವನ ನಂಬರನ್ನು ಬ್ಲಾಕ್ ಮಾಡಿದಳು. ಗೆದ್ದ ಹಾಗಿರಬೇಕಿತ್ತು. ಎದೆಯ ಮೇಲೆ ಮಾತ್ರ ತುಂಬಿದ ಕ್ಯಾನು ಇಟ್ಟ ಹಾಗಿತ್ತು.

ಮೂರು ದಿನ ಕಳೆಯಿತು. ಡೇರಿಯಲ್ಲಿ ಅವಳ ಕೈ ತಾನಾಗಿ ಕೆಲಸ ಮಾಡಿತು. ಮನೆಯಲ್ಲಿ ಕಂಪ್ಯೂಟರಿನ ಮೇಲೆ ಅತ್ತೆ ಒಂದು ಟವೆಲ್ ಹೊದಿಸಿದ್ದರು.

ಭಾನುವಾರ ಮಧ್ಯಾಹ್ನ ಬೇರೆ ದಾರಿ ಕಾಣದೆ ಅವಳೇ ಕುರ್ಚಿಯಲ್ಲಿ ಕೂತು ಲಾರಿ ಹೊರಡಿಸಿದಳು. ಅದೇ ತಡವರಿಕೆ. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಬೆನ್ನ ಹಿಂದಿನಿಂದ ದನಿ ಬಂತು.

"ಸದ್ದು ಎಲ್ಲಿ?"

ಅವಳು ಬೆಚ್ಚಿ ತಿರುಗಿದಳು. ಅಪ್ಪ ಗೋಡೆಯನ್ನೇ ನೋಡುತ್ತಿದ್ದರು, ಆದರೆ ತಲೆ ದಿಂಬಿನಿಂದ ಮೇಲೆದ್ದಿತ್ತು.

"ಯಾವ ಸದ್ದಪ್ಪಾ? ಲಾರಿ ಸದ್ದು ಬರ್ತಿದೆಯಲ್ಲ..."

"ಅದಲ್ಲ. ಡಬ್ಬದ ಸದ್ದು. ಆ ಹುಡುಗ ಅವತ್ತು ನಡುಮನೇಲಿ ಓಡಿಸಿದನಲ್ಲ, ಆಗ ಒಳಗಡೆ ಒಂದು ಉಸಿರು ಏರ್ತಿತ್ತು. ದಿಬ್ಬ ಬಂದಾಗ ಜೋರಾಗ್ತಿತ್ತು, ಇಳಿಜಾರಲ್ಲಿ ಕಮ್ಮಿಯಾಗ್ತಿತ್ತು. ಸಣ್ಣ ಸದ್ದು, ಗೂಡಲ್ಲಿ ಹಕ್ಕಿ ಮಿಸುಕಾಡಿದ ಹಾಗೆ. ಇವತ್ತು ಅದು ಇಲ್ವೇ ಇಲ್ಲ."

'ಅಪ್ಪ ಅವತ್ತು ಕೇಳಿಸಿಕೊಳ್ಳುತ್ತಿದ್ದರು! ಗೋಡೆಗೆ ಮುಖ ಮಾಡಿಯೂ ಕೇಳಿಸಿಕೊಳ್ಳುತ್ತಿದ್ದರು...!'

"ಇಂಜಿನ್ ಹೊಡೀತಾನೇ ಇಲ್ಲ ಮಗಳೇ," ಅಪ್ಪ ಎದ್ದು ಕೂತರು. "ಗಾಡಿ ನ್ಯೂಟ್ರಲ್ಲಲ್ಲಿ ಉರುಳ್ತಾ ಇದೆ, ಅಷ್ಟೆ. ಹಿಂದೆ ಏನೋ ತಪ್ಪಿದೆ. ನೋಡು."

ಈ ಪೆಟ್ಟಿಗೆಗೂ ಮಗ್ಗುಲಲ್ಲಿ ಗಾಜಿತ್ತು, ಅವಳು ಬಗ್ಗಿ ಒಳಗೆ ನೋಡಿದಳು. ಕಾರ್ಡಿನ ಫ್ಯಾನುಗಳು ಅಲುಗಾಡದೆ ನಿಂತಿದ್ದವು. ಫೋನಿನ ಟಾರ್ಚ್ ಹಿಡಿದು ಪೆಟ್ಟಿಗೆಯ ಹಿಂಬದಿಗೆ ಬಂದಳು. ಮಾನಿಟರಿನ ವೈರು ಹಾಕುವ ಕಿಂಡಿ ಮೇಲೊಂದಿತ್ತು, ಮದರ್‌ಬೋರ್ಡಿಗೆ ಸೇರಿದ್ದು. ಅದೇ ಆಕಾರದ ಕಿಂಡಿ ಕೆಳಗೆ ಕಾರ್ಡಿನಲ್ಲೂ ಇತ್ತು.

ವೈರು ಮೇಲಿನದರಲ್ಲಿತ್ತು.

ಹಾಕಿದ್ದು ಅವಳೇ.

ಹೊಚ್ಚಹೊಸ ಕಾರ್ಡು ನಾಲ್ಕು ದಿನದಿಂದ ಕೆಲಸವಿಲ್ಲದೆ ಸುಮ್ಮನೆ ಕೂತಿತ್ತು!

ವೈರು ಕಿತ್ತು ಕೆಳಗಿನದಕ್ಕೆ ಸಿಕ್ಕಿಸಿದಳು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಒಳಗೆ ಆ ಸಣ್ಣ ಉಸಿರು ಮೆಲ್ಲಗೆ ಏರಿತು...

"ಹಾಂ. ಇದೇ," ಅಂದರು ಅಪ್ಪ. "ಏಳು. ಸೀಟು ಬಿಡು."

ಲಾರಿ ಅಂಗಳ ದಾಟಿ ಹೆದ್ದಾರಿಗೆ ಸೇರಿತು. ಒಂದೇ ಒಂದು ತಡವರಿಕೆಯಿಲ್ಲ. ಅಪ್ಪನ ಬೆರಳು ಹಿಂದಿನ ಹಿಡಿಯನ್ನು ಮುಟ್ಟುವಾಗ ಮೊಟ್ಟೆ ಮುಟ್ಟುವಷ್ಟು ಮೃದುವಾಗಿತ್ತು. ಹತ್ತು ನಿಮಿಷಕ್ಕೆ ಅವರ ಬೆನ್ನು ನೆಟ್ಟಗಾಯಿತು. ಹದಿನೈದನೆಯ ನಿಮಿಷಕ್ಕೆ ಎದುರು ಬಂದ ಕಾರಿಗೆ ಬೈದರು.

"ಇಂಡಿಕೇಟರ್ ಹಾಕೋಕೆ ಕೈಗೇನು ಲಕ್ವಾ ಹೊಡೆದಿದ್ಯಾ ನಿಂಗೆ?!"

ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದೇ ಓಡಿಬಂದರು. "ಯಾರಿಗೆ ಬೈತಿದ್ದಾನೆ ಅಣ್ಣ?"

"ಕಾರಿನವನಿಗೆ ಅತ್ತೆ..."

"ಬೈಯಲಿ! ಬೈಯಲಿ ಬಿಡು!" ಅತ್ತೆ ಸೆರಗಿನಲ್ಲಿ ಕಣ್ಣೊತ್ತಿಕೊಂಡು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತರು.

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಅಪ್ಪನ ಕಣ್ಣು ಚೆನ್ನಾಗಿತ್ತು! ಎಂಟು ತಿಂಗಳಿನಿಂದ ಮನೆಯೊಳಗೆ ಕಟ್ಟಿಕೊಂಡಿದ್ದ ಗಾಳಿ ಒಮ್ಮೆಲೇ ಹೊರಗೆ ಹೋದ ಹಾಗಾಯಿತು.

ಆ ನಿರಾಳದ ಬೆನ್ನಿಗೇ ಅವನ ಮುಖ ಬಂತು. ಬಣ್ಣ ಇಳಿದ ಆ ಮುಖ.

'ನಾನೇನು ಮಾಡಿದೆ...'

ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ನಂಬರನ್ನು ಬಿಡಿಸಿದಳು, ಬೆರಳು ಅದರ ಮೇಲೆ ನಿಂತಿತು. ಬೇಡ. ಹತ್ತು ಜನರೆದುರು ಆಡಿದ ಮಾತನ್ನು ಅವನೊಬ್ಬನ ಕಿವಿಯಲ್ಲಿ ವಾಪಸು ತೆಗೆದುಕೊಳ್ಳುವುದು ಯಾವ ನ್ಯಾಯ?

ಸೋಮವಾರ ಅಂಗಡಿ ತುಂಬುವ ಹೊತ್ತು ನೋಡಿಯೇ ಹೋದಳು. ಮೇಸ್ತ್ರಿ ಮುಂದುಗಡೆಯೇ ಇದ್ದ. ದೀಪದ ಪೆಟ್ಟಿಗೆಗಳ ಗಾಜು ಒರೆಸುತ್ತಿದ್ದ. ಕಿವಿಯ ಮೇಲೆ ಸ್ಕ್ರೂಡ್ರೈವರ್ ಇರಲಿಲ್ಲ. ಅವಳನ್ನು ನೋಡಿ ಅವನ ಕೈ ನಿಂತಿತು.

"ಎಲ್ಲರೂ ಸ್ವಲ್ಪ ಕೇಳಿ," ಅಂದಳು ಅವಳು. "ಹೋದ ಗುರುವಾರ ಇದೇ ಜಾಗದಲ್ಲಿ ನಿಂತು ಇವರು ಮೋಸ ಮಾಡಿದರು ಅಂದೆ. ಮೋಸ ಆಗಿರಲಿಲ್ಲ. ನಾನೇ ಕಂಪ್ಯೂಟರನ್ನ ಬೇರೆ ಕೋಣೆಗೆ ಸಾಗಿಸಿ, ಮಾನಿಟರ್ ವೈರನ್ನ ಕಾರ್ಡಿಗೆ ಹಾಕೋ ಬದಲು ಮೇಲಿನ ಕಿಂಡಿಗೆ ಹಾಕಿದ್ದೆ."

ಮೇಸ್ತ್ರಿ ಕಣ್ಣು ಅಗಲಿಸಿದ. "ಸಾಗಿಸಿದ್ರಾ? ಬೇರೆ ಕೋಣೆಗಾ?"

"ಹೂಂ. ಅದನ್ನ ನಿಮಗೆ ಹೇಳಲೂ ಇಲ್ಲ." ಅವಳು ಅವನ ಕಡೆ ತಿರುಗಿದಳು. ಈಗ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹಾಗೆ ಮಾತಾಡಿದಳು. "ಕರೆದ ಹಾಲು ಬಿಸಿ ಇರುವಾಗಲೇ ಲ್ಯಾಕ್ಟೋಮೀಟರ್ ಬಿಟ್ಟರೆ ಅದು ಜಾಸ್ತಿ ಮುಳುಗುತ್ತೆ. ನೀರು ಬೆರೆಸಿದ ಹಾಗೇ ತೋರಿಸುತ್ತೆ. ಹಾಲು ಆರೋವರೆಗೂ ಕಾಯಬೇಕು. ಕೆಲಸಕ್ಕೆ ಸೇರಿದ ಮೊದಲನೇ ದಿನ ಕಲಿಸೋ ಪಾಠ ಇದು... ನಾನು ಬಿಸಿಯಲ್ಲೇ ಅಳೆದುಬಿಟ್ಟೆ ಮೇಸ್ತ್ರೀ. ತಪ್ಪಾಯ್ತು."

ಅವನು ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟ. ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡು ಉದ್ದನೆಯ ಉಸಿರು ಬಿಟ್ಟ.

"ನಾಲ್ಕು ದಿನದಿಂದ ನನಗೆ ನನ್ನ ಕೈಮೇಲೇ ಅನುಮಾನ ಬಂದಿತ್ತು," ಅಂದ. "ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ ಮನಸ್ಸಲ್ಲೇ ಅದನ್ನ ಬಿಚ್ಚಿ ಬಿಚ್ಚಿ ಕಟ್ಟಿದೆ. ಅಪ್ಪ..?"

"ಲಾರಿ ಇಳಿಯೋದೇ ಇಲ್ಲ ಅಂತಿದ್ದಾರೆ!"

ಅವನು ನಕ್ಕ. ಅದೇ ಗಟ್ಟಿ ನಗು. ಅವಳಿಗೆ ಈ ಸಲ ಕಿವಿ ಬಿಸಿಯಾಗಲಿಲ್ಲ.

"ಒಂದು ಕೇಳ್ತೀನಿ, ಕೋಪ ಬೇಡ. ಆ ಸೀಲು ಯಾಕೆ ಒಡೆದಿತ್ತು?"

"ಹಿಂದಿನ ದಿನ ಅದನ್ನ ಇಲ್ಲೇ ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕು ಗಂಟೆ ಲಾರಿ ಓಡಿಸಿದೆ. ಫ್ಯಾನು ಕಿರುಚುತ್ತಾ ಅಂತ ನೋಡೋಕೆ. ಒಂದು ಪೂರ್ತಿ ಲೋಡು ಇಳಿಸಿ ಬಂದೆ."

"ಎರಡು ಕಂಬಕ್ಕೆ ಗುದ್ದಿದ್ದ, ಅದನ್ನೂ ಹೇಳು!" ಯಜಮಾನ ಕೌಂಟರಿನಿಂದ ಕೂಗಿದ. ಗಿರಾಕಿಗಳೆಲ್ಲ ನಕ್ಕರು. ಅವರಲ್ಲೊಬ್ಬ ಮುಂದೆ ಬಂದು, "ಯಜಮಾನ್ರೇ, ನನಗೂ ಕಟ್ಟಿಸಿಕೊಡಿ, ಈ ಮೇಸ್ತ್ರಿ ಕೈಲೇ" ಅಂದ. ಯಜಮಾನ ಒಂದು ಕ್ಷಣ ಯೋಚಿಸಿ, ಮೇಸ್ತ್ರಿಯ ಕೈಯಿಂದ ಒರೆಸುವ ಬಟ್ಟೆ ಕಿತ್ತುಕೊಂಡ.

"ಹೋಗು ಒಳಗೆ. ಕೆಲಸ ನೋಡು."

ಸಂಜೆ ಬೆಳಕಿರುವಾಗಲೇ ಮೇಸ್ತ್ರಿ ಅವರ ಮನೆಗೆ ಬಂದ. ಮೆಟ್ಟಿಲ ಕೆಳಗೆ ನಿಂತು ಅವಳ ಮುಖ ನೋಡಿದ.

"ಹತ್ತಬಹುದಾ?"

"ಸಾಯಿಸಬೇಡಿ. ಬನ್ನಿ ಒಳಗೆ!"

ಅಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಕಟ್ಟಿದೋನು ನೀನೇನಾ?"

"ಹೌದು. ನಿಮ್ಮ ಮಗಳೂ ಸೇರಿ ಕಟ್ಟಿದ್ದು."

"ಗಾಡಿ ಚೆನ್ನಾಗಿದೆ. ಹಾರ್ನ್ ಸರಿಯಿಲ್ಲ. ಹಾಲಿನ ಲಾರಿ ಹೀಗೆ ಕುರಿ ಕೂಗಿದ ಹಾಗೆ ಕೂಗಲ್ಲ."

"ಬದಲಾಯಿಸ್ತೀನಿ."

"ಕೂತ್ಕೋ. ಮುಂದೆ ತಿರುವು ಇದೆ, ಎಡಗಡೆ ಕನ್ನಡಿ ನೋಡಿ ಹೇಳು."

ಅರ್ಧ ಗಂಟೆ ಅವನು ಎಡಗಡೆ ಕನ್ನಡಿ ನೋಡಿ ಹೇಳಿದ. ಅತ್ತೆ ಎರಡು ಸಲ ಟೀ ಕೊಟ್ಟರು. ಮೂರನೆಯ ಸಲ ಲೋಟ ಹಿಡಿದು ಬಂದವರು ಅಣ್ಣನ ಮಗಳ ಮುಖವನ್ನೂ ಅವನ ಮುಖವನ್ನೂ ನೋಡಿ, "ನೀವಿಬ್ಬರೂ ಹೊರಗೆ ಗಾಳಿಗೆ ಕೂತ್ಕೊಳ್ರೋ, ಕನ್ನಡಿ ನಾನು ನೋಡ್ತೀನಿ" ಅಂದರು.

ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಎದುರಿನ ಗೋಡೆಯ ಮೇಲಿಂದ ಬಿಸಿಲು ಇಳಿಯುತ್ತಿತ್ತು. ಒಳಗೆ ಅಪ್ಪ ಯಾರಿಗೋ ದಾರಿ ಬಿಡು ಎಂದು ಗದರುತ್ತಿದ್ದರು. ಆ ಸದ್ದು ಅವಳಿಗೆ ಎಷ್ಟು ಹಿತವಾಗಿತ್ತು!

"ಬೇಜಾರು ಹೋಯ್ತಾ?" ಕೇಳಿದಳು.

"ಅವತ್ತೇ ಹೋಗಿತ್ತು. ಇವತ್ತಿಗೆ ಭಯ ಹೋಯ್ತು." ಅವನು ತನ್ನ ಕೈಬೆರಳುಗಳನ್ನು ನೋಡಿಕೊಂಡ. "ನಿಮ್ಮ ಬೀದಿ ತಿರುವಿನವರೆಗೂ ಎರಡು ಸಲ ಬಂದಿದ್ದೆ. ಒಳಗೆ ಬರೋ ಧೈರ್ಯ ಆಗಲಿಲ್ಲ."

"ಕಾರ್ಡ್ ಬದಲಾಯಿಸಿ ಕೊಡೋಕಾ?"

"ಮೊದಲನೇ ಸಲ ಚೀಲದಲ್ಲಿ ಬದಲಿ ಕಾರ್ಡ್ ಇತ್ತು."

"ಎರಡನೇ ಸಲ?"

"ಚೀಲಾನೇ ತಂದಿರಲಿಲ್ಲ."

ಅವಳ ಎದೆ ಒಮ್ಮೆ ನಿಂತು ಹೊಡೆಯಿತು.

"ನನಗೆ ಅನುಮಾನ ಜಾಸ್ತಿ," ಅಂದಳು ಕೊನೆಗೆ. "ಮುಂದೆಯೂ ಇರುತ್ತೆ. ಒಂದೇ ದಿನಕ್ಕೆ ಹೋಗಲ್ಲ."

"ಇರಲಿ. ಕೇಳಿ. ಎಷ್ಟು ಸಲ ಬೇಕಾದರೂ ಕೇಳಿ. ಮೆಟ್ಟಿಲು ಹತ್ತಬೇಡಿ ಅನ್ನೋ ಬದಲು ಬಂದು ಹೇಳಿ ಅಂದರೆ ಸಾಕು." ಅವನು ಒಳಗಿನ ಸದ್ದಿನ ಕಡೆ ಕತ್ತು ತಿರುಗಿಸಿದ. "ಹಾರ್ನ್ ನಾಳೆಯೇ ಸರಿಯಾಗುತ್ತೆ. ಆಮೇಲೆ... ಕಂಪ್ಯೂಟರಲ್ಲಿ ಏನೂ ಕೆಡದೇ ಇದ್ದರೂ ಬರಬಹುದಾ ನಾನು?"

ಅವಳು ಮೊಣಕಾಲಿಗೆ ಗಲ್ಲ ಊರಿ ಬೀದಿಯನ್ನು ನೋಡಿದಳು. ತುಟಿಯ ಅಂಚಿನಲ್ಲಿ ನಗು ನಿಲ್ಲುತ್ತಿರಲಿಲ್ಲ.

"ಬಾ," ಅಂದಳು ಮೆಲ್ಲಗೆ.

"ಬನ್ನಿ ಅಂದ್ರಾ, ಬಾ ಅಂದ್ರಾ? ಸರಿಯಾಗಿ ಕೇಳಿಸಲಿಲ್ಲ."

ಅವಳು ಅವನ ಕಡೆ ತಿರುಗಿ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ಬಾ."

"ಬರ್ತೀನಿ ಕಣೇ."